ಅತ್ತೆಯ ಜಾವಾ ಆಸ್ತಿ

ನಮ್ಮ ಸೋದರತ್ತೆಗೆ ಪರದೇಶದಲ್ಲಿ ಆಸ್ತಿ ಇದೆ! ದುಬೈ, ಸಿಂಗಾಪುರ ಎಂದೆಲ್ಲ ಕಣ್ಣರಳಿಸಬೇಡಿ. ಇಂಡೋನೇಷ್ಯಾದ ಜಾವಾ ದ್ವೀಪದ ಒಂದು ಸಣ್ಣ ಪೇಟೆ, ಅದರೊಳಗೆ ಒಂದು ಸಣ್ಣ ಗಲ್ಲಿ, ಎದುರುಬದುರಾಗಿ ಇಬ್ಬರು ಕೊಡೆ ಹಿಡಿದು ಬಂದರೆ ಒಬ್ಬರು ಮಡಿಚಲೇಬೇಕು ಅಷ್ಟು ಇಕ್ಕಟ್ಟು. ಅಲ್ಲೊಂದು ಅಂಗಡಿ. ಅದಕ್ಕೆ ಅತ್ತೆಯ ಹೆಸರಿನಲ್ಲಿ ಪತ್ರವಿಲ್ಲ, ಖಾತೆಯಿಲ್ಲ. ಬಾಡಿಗೆ ಬರುವುದಿಲ್ಲ, ಮಾರುವ ಹಾಗೂ ಇಲ್ಲ. ಮತ್ತೆ ಅದು ಆಸ್ತಿ ಹೇಗಾಯಿತು ಅನ್ನುತ್ತೀರಾ? ನಮ್ಮಪ್ಪ ಅದನ್ನೇ ಕೇಳಿ ಕೇಳಿ ತಲೆಯ ಮೇಲಿದ್ದ ನಾಲ್ಕು ಕೂದಲನ್ನೂ ಕಳೆದುಕೊಂಡರು.

ಮಾವ ಹುಣಸೂರಿನಲ್ಲಿ ಹೊಗೆಸೊಪ್ಪಿನ ದರ್ಜೆ ನೋಡುವ ಕೆಲಸದಲ್ಲಿದ್ದರು. ಮಾತು ಬಹಳ ಕಡಿಮೆ. ಆ ಕೊರತೆಯನ್ನು ಅತ್ತೆ ಬಡ್ಡಿಸಮೇತ ತುಂಬಿಕೊಡುತ್ತಿದ್ದರು. ಕೆಲಸದಿಂದ ಬಿಡುಗಡೆಯಾಗುವ ಹೊತ್ತಿಗೆ ಜಾವಾದ ಒಂದು ಹೊಗೆಸೊಪ್ಪಿನ ಕಂಪನಿ ಕೆಲವು ವರ್ಷ ಬಂದಿರಿ ಎಂದು ಮಾವನನ್ನು ಕರೆಯಿತು. ಮಕ್ಕಳಿಲ್ಲದ ಗಂಡ ಹೆಂಡತಿ, ಹಿಡಿದಿಡುವವರು ಯಾರು? ಅದುವರೆಗೆ ಪಿರಿಯಾಪಟ್ಟಣ ದಾಟಿ ಕುಶಾಲನಗರ ನೋಡಿದ್ದೇ ಅತ್ತೆಯ ದೊಡ್ಡ ಪ್ರವಾಸ. ಅಂಥವರು ನಂಜುಂಡಸ್ವಾಮಿಯ ಫೋಟೋವನ್ನು ಸೀರೆಯಲ್ಲಿ ಸುತ್ತಿಕೊಂಡು ವಿಮಾನ ಹತ್ತಿಯೇಬಿಟ್ಟರು.

ಮೊದಲ ಫೋನು ಕೆ.ಆರ್. ನಗರದ ನಮ್ಮ ಮನೆಗೆ ಬಂತು. ಎತ್ತಿದವರು ಅಪ್ಪ.

"ಒಂದ್ ಗ್ಯಾಂಗಲ್ಲಿ ಸೇರ್ಕಂಡಿದ್ದೀವಿ ಕಣ್ಲಾ. ಬಲೇ ಒಳ್ಳೆ ಜನ."

ಅಪ್ಪನ ಮುಖ ಬಿಳುಚಿತು. "ಗ್ಯಾಂಗಾ? ಅಕ್ಕಾ, ಪೊಲೀಸ್ನೋರಿಗೆ ಗೊತ್ತಾ?"

"ಗೊತ್ತಿಲ್ದೆ ಏನು? ಪೊಲೀಸಪ್ಪನೂ ನಮ್ ಗ್ಯಾಂಗಲ್ಲೇ ಅವ್ನೆ!"

ಅಲ್ಲಿಯ ಭಾಷೆಯಲ್ಲಿ ಗಲ್ಲಿಗೆ 'ಗಂಗ್' ಅನ್ನುತ್ತಾರೆಂದು ಮಾವ ಫೋನು ಕಿತ್ತುಕೊಂಡು ವಿವರಿಸುವ ಹೊತ್ತಿಗೆ ನಮ್ಮಮ್ಮ ದೇವರಿಗೆ ತುಪ್ಪದ ದೀಪ ಹರಸಿಕೊಂಡಾಗಿತ್ತು.

ಅತ್ತೆ ಆ ಭಾಷೆ ಕಲಿಯಲಿಲ್ಲ. ಕಲಿಯುವ ಅಗತ್ಯವೇ ಬರಲಿಲ್ಲವಂತೆ! ಹುಣಸೂರಿನ ಕನ್ನಡವನ್ನೇ ಸ್ವಲ್ಪ ಗಟ್ಟಿಯಾಗಿ, ಕೈ ಆಡಿಸಿ ಮಾತಾಡಿದರೆ ಯಾವ ದೇಶದಲ್ಲಾದರೂ ನಡೆಯುತ್ತದೆ ಎಂಬುದು ಅವರ ನಂಬಿಕೆ. ಒಮ್ಮೆ ಅಂಗಡಿಗೆ ಹೋಗಿ "ರಾಗಿ ಐತೇನಪ್ಪ?" ಎಂದು ಕೇಳಿದರು. "ರಾಗಿ, ರಾಗಿ!" ಎಂದು ಅಂಗಡಿಯವನು ಖುಷಿಯಿಂದ ಸಣ್ಣ ಪೊಟ್ಟಣ ಕೊಟ್ಟ. ಇಷ್ಟು ದೂರದಲ್ಲೂ ರಾಗಿ ಸಿಕ್ಕಿತಲ್ಲ ಎಂದು ಅತ್ತೆ ಅದನ್ನು ಅಕ್ಕಿಹಿಟ್ಟಿಗೆ ಬೆರೆಸಿ, ನಾಳೆ ದೋಸೆ ಹುಯ್ಯೋಣವೆಂದು ನೀರು ಹಾಕಿ ಮುಚ್ಚಿಟ್ಟರು. ಬೆಳಿಗ್ಗೆ ನೋಡಿದರೆ ಹಿಟ್ಟು ಪಾತ್ರೆಯಿಂದ ಇಳಿದು ಬಾಗಿಲ ಕಡೆ ಹೊರಟಿದೆ! ಅಲ್ಲಿ ರಾಗಿ ಎಂದರೆ ಹುಳಿ ಬರಿಸುವ ಯೀಸ್ಟು.

ಆ ಹಿಟ್ಟನ್ನು ಬಳಿದು ತೆಗೆಯಲು ನೆರವಾದವರೇ ಎದುರುಮನೆಯ ಸಿತಿ. ಅತ್ತೆಯ ವಯಸ್ಸಿನವರೇ, ಗಂಡನಿಲ್ಲದ ಹೆಂಗಸು. ಮಗಳು ಮಲೇಷ್ಯಾದಲ್ಲಿ ಕೆಲಸಕ್ಕಿದ್ದಳು. ಸಿತಿ ಮನೆಯ ಮುಂದಿನ ಕೋಣೆಯಲ್ಲಿ ಬಾಳೆಹಣ್ಣಿನ ಬಜ್ಜಿ ಕರಿದು ಮಾರುತ್ತಿದ್ದರು. ಅಂದು ನೆಲ ಒರೆಸುತ್ತಾ ಅವರು "ಸುವಾಮಿ?" ಎಂದು ಕೇಳಿದರಂತೆ. ಗಂಡ ಎಲ್ಲಿ ಎಂದು ಅದರ ಅರ್ಥ. ಅತ್ತೆಗೆ ಸಂತೋಷವಾಗಿ, ಗೋಡೆಯ ಮೇಲಿದ್ದ ನಂಜುಂಡಸ್ವಾಮಿಯನ್ನು ತೋರಿಸಿ ಕೈ ಮುಗಿದರು. ಕೊರಳಲ್ಲಿ ಹಾವು, ಮೈಯೆಲ್ಲ ಬೂದಿ, ತಲೆಯ ಮೇಲೆ ನೀರು! ಸಂಜೆ ಮಾವ ಟಿಫನ್ ಕ್ಯಾರಿಯರ್ ಹಿಡಿದು ಗಲ್ಲಿಗೆ ಬಂದಾಗ ಮಕ್ಕಳೆಲ್ಲ ದೂರ ಸರಿದು ನಿಂತು ಅವರ ಕೊರಳನ್ನೇ ನೋಡುತ್ತಿದ್ದವಂತೆ.

ಅಲ್ಲಿಂದ ಇಬ್ಬರು ಹೆಂಗಸರೂ ಒಂದಾದರು. ಸಿತಿ ಬಜ್ಜಿ ಕರಿದರೆ ಅತ್ತೆ ಪಕ್ಕದಲ್ಲಿ ಕೂತು ಈರುಳ್ಳಿ ವಡೆ ತಟ್ಟುವರು. "ಇಬ್ರೂ ಏನ್ ಮಾತಾಡ್ತೀರಿ ಅತ್ತೆ?" ಎಂದು ನಾನು ಫೋನಿನಲ್ಲಿ ಕೇಳಿದೆ.

"ಅವ್ಳು ಅವ್ಳ ಗೋಳು ಹೇಳ್ಕತಾಳೆ, ನಾನು ನಂದು ಹೇಳ್ಕತೀನಿ ಕಣವ್ವ."

"ಅರ್ಥ ಆಗುತ್ತಾ?"

"ಗೋಳಲ್ಲಿ ಅರ್ಥ ಆಗದೇ ಇರೋದು ಏನದೆ?"

ಹೀಗಿರುವಾಗ ಒಂದು ದಿನ ಸಿತಿ ಬಾಣಲೆ ಇಡಲಿಲ್ಲ. ಒಲೆಯ ಮುಂದೆ ಸುಮ್ಮನೆ ಕೂತಿದ್ದರು. ಅವರ ಮೈದುನ ಮುಂದಿನ ಕೋಣೆ ತನ್ನ ಪಾಲಿನದೆಂದು ಅದನ್ನು ಬೈಕ್ ರಿಪೇರಿಯವನಿಗೆ ಮಾರಲು ಹೊರಟಿದ್ದ. ಆ ಕೋಣೆ ಹೋದರೆ ಒಲೆ ಹೋಯಿತು, ಒಲೆ ಹೋದರೆ ಹೊಟ್ಟೆಪಾಡು ಹೋಯಿತು. ಅತ್ತೆ ಮನೆಗೆ ಬಂದು ಕೈಯಲ್ಲಿದ್ದ ಚಿನ್ನದ ಬಳೆಗಳನ್ನು ಬಿಚ್ಚಿ ಮಾವನ ಮುಂದಿಟ್ಟರು.

"ಆ ರೂಮ್ನ ನಾವ್ ತಗಳನ."

"ನಾವು ಹೊರಗಿನೋರು ಕಣೆ. ಇಲ್ಲಿ ನಮ್ ಹೆಸ್ರಿಗೆ ಜಾಗ ಕೊಡಲ್ಲ."

"ನಮ್ ಹೆಸ್ರು ಯಾಕೆ? ಅವ್ಳ ಹೆಸ್ರಿಗೇ ಆಗ್ಲಿ."

ಮಾವ ಬಳೆಗಳನ್ನು ವಸ್ತ್ರದಲ್ಲಿ ಕಟ್ಟಿಕೊಂಡರಂತೆ. ಆಮೇಲೆ, "ಸೊಪ್ಪು ನೋಡೋದು ನಂಗೊತ್ತು. ಮನುಷ್ಯರನ್ನ ನೋಡೋದು ನಿಂಗೇ ಬುಟ್ಟಿವ್ನಿ," ಎಂದು ಚಪ್ಪಲಿ ಮೆಟ್ಟಿಕೊಂಡರಂತೆ. ಚಿನ್ನದಂಗಡಿಗೆ ಇಬ್ಬರೂ ಒಟ್ಟಿಗೇ ಹೋಗಿ ಬಂದರು.

ಸುದ್ದಿ ಕೇಳಿ ಅಪ್ಪ ಫೋನಿನಲ್ಲೇ ಕುಣಿದಾಡಿದರು. "ಅಕ್ಕಾ, ಇದು ಇನ್ವೆಸ್ಟ್‌ಮೆಂಟಾ? ಅದೇ ಬಳೇಲಿ ಭೇರ್ಯದ ಹತ್ರ ಸೈಟ್ ಬತ್ತಿತ್ತು! ನಿನ್ ಹೆಸ್ರು ಎಲ್ಲೈತೆ ಅದ್ರಲ್ಲಿ?"

"ಬೋರ್ಡ್ ಮೇಲೆ ಐತೆ ಕಣ್ಲಾ!"

ಬೋರ್ಡಿನ ಫೋಟೋ ಬಂತು. ಹಸಿರು ಹಲಗೆಯ ಮೇಲೆ ಹಳದಿ ಅಕ್ಷರ: 'ವಾರುಂಗ್ ಹುಣಸೂರು'. ವಾರುಂಗ್ ಎಂದರೆ ಸಣ್ಣ ತಿಂಡಿ ಅಂಗಡಿ. ಅಪ್ಪ ಅದನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಕನ್ನಡಕ ತೆಗೆದು, ಹಾಕಿ ನೋಡಿದರು. ಬೈದದ್ದೇನೋ ನಿಜ. ಆದರೆ ಮಾರನೆಯ ದಿನ ಆ ಫೋಟೋ ನಮ್ಮ ನೆಂಟರಿಷ್ಟರ ಗುಂಪಿಗೆಲ್ಲ ಹೋಗಿತ್ತು. ಕಳಿಸಿದ್ದು ಯಾರು ಅನ್ನುತ್ತೀರಿ?

ಕಂಪನಿಯ ಕೆಲಸ ಮುಗಿದು ಇಬ್ಬರೂ ಹುಣಸೂರಿಗೆ ಹಿಂತಿರುಗಿದರು. ಅತ್ತೆ ಬಂದವರು ಸುಮ್ಮನಿರಬೇಕಲ್ಲ! ಜಾವಾದ ಗಲ್ಲಿಯಲ್ಲಿ ಎಲ್ಲರೂ ಸೇರಿ ಚರಂಡಿ ಬಳಿಯುತ್ತಿದ್ದರಂತೆ. ಇಲ್ಲೂ ಹಾಗೇ ಆಗಬೇಕೆಂದು ಒಂದು ಭಾನುವಾರ ಬೆಳಿಗ್ಗೆ ಬೀದಿಯ ನಡುವೆ ನಿಂತು ಸೌಟಿನಿಂದ ತಟ್ಟೆ ಬಾರಿಸಿದರು. ಹಾಲಿನ ಗಾಡಿ ಬಂತೆಂದು ಬಾಗಿಲು ತೆರೆದವರೆಲ್ಲ ಗುದ್ದಲಿ ನೋಡಿ ಮುಚ್ಚಿಕೊಂಡರು. ಬಂದವರು ಒಬ್ಬರೇ, ಮಾವ. ಅವರಿಗೆ ಬೇರೆ ದಾರಿಯೂ ಇರಲಿಲ್ಲವೆನ್ನಿ. ಪಂಚೆ ಎತ್ತಿ ಕಟ್ಟಿ ಚರಂಡಿಗಿಳಿದರು.

ಅದೇ ಮಾವ ಹೋದ ಮಳೆಗಾಲದ ಕೊನೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಜಗಲಿಯಲ್ಲಿ ಕೂತವರು, ಹಾಗೆಯೇ ಹೋಗಿಬಿಟ್ಟರು.

ಊರ ಹೊರಗಿನ ಅವರ ಹೊಲದಲ್ಲೇ ಮಣ್ಣು ಮಾಡಿ, ಮೇಲೆ ಮಣ್ಣಿನ ಗದ್ದುಗೆ ಎತ್ತಿದರು. ಅತ್ತೆ ಅಳಲಿಲ್ಲ. ಹೊಲದ ಕಡೆ ಹೋಗಲೂ ಇಲ್ಲ. ಬೆಳಿಗ್ಗೆ ಎರಡು ಲೋಟ ಕಾಫಿ ಬಸಿಯುವರು. ಒಂದು ಕುಡಿಯುವರು, ಇನ್ನೊಂದು ಆರುತ್ತಿರುವುದು. ಯಾರಾದರೂ ಮಾವನ ಮಾತೆತ್ತಿದರೆ, "ಹೊಲಕ್ ಹೋಗವ್ರೆ, ಬತ್ತಾರೆ," ಅನ್ನುವರು. ಅಪ್ಪ ಮೆಲ್ಲಗೆ, "ಒಂದ್ಸಲ ಗದ್ದುಗೆ ತಾವ ಹೋಗಿ ಕೈ ಮುಗ್ದು ಬರನ ಬಾಕ್ಕ," ಎಂದರೆ ಎದ್ದು ಅಡುಗೆಮನೆಗೆ ನಡೆದುಬಿಡುವರು. ಅಷ್ಟು ಮಾತಿನ ಹೆಂಗಸು ಮಾತು ಬಿಟ್ಟರು. ಆ ಮನೆಯ ಮೌನಕ್ಕೆ ನಮಗೆ ಹೆದರಿಕೆಯಾಗತೊಡಗಿತು.

ಏನು ಮಾಡಬೇಕೆಂದು ತೋಚದೆ ನಾನು ಅತ್ತೆಯ ಫೋನಿನಲ್ಲಿ ನಂಬರು ಹುಡುಕಿ, ಮಲೇಷ್ಯಾದಲ್ಲಿದ್ದ ಸಿತಿಯ ಮಗಳಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದೆ. ಒಂದು ವಾರ ಉತ್ತರವೇ ಇಲ್ಲ. ಆಮೇಲೆ ಅವಳೇ ಫೋನು ಮಾಡಿದಳು. "ಅಮ್ಮ ಹೊರಟಿದ್ದಾಳೆ. ಅಂಗಡಿಯ ಲಾಭವನ್ನೆಲ್ಲ ಕೂಡಿಟ್ಟಿದ್ದಳು, ಟಿಕೆಟ್ ತೆಗೆದುಕೊಂಡಿದ್ದಾಳೆ. ಬೆಂಗಳೂರಿನಲ್ಲಿ ಯಾರಾದರೂ ಕರೆದುಕೊಳ್ಳಿ."

ಅಪ್ಪ ಮತ್ತು ನಾನು ವಿಮಾನ ನಿಲ್ದಾಣಕ್ಕೆ ಓಡಿದೆವು. ಹೂವಿನ ಚಿತ್ತಾರದ ಉದ್ದ ಅಂಗಿ, ತಲೆಗೆ ವಸ್ತ್ರ, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ ಹೊತ್ತ ಪುಟ್ಟ ಹೆಂಗಸು ಹೊರಗೆ ಬಂದು ನಮ್ಮಪ್ಪನ ಮುಖ ನೋಡಿದ್ದೇ ನಕ್ಕರು. ಅತ್ತೆಯ ಮೂಗೇ ಅಪ್ಪನಿಗೂ. ಹುಣಸೂರಿನ ದಾರಿಯಲ್ಲಿ ಬಿಳಿಕೆರೆ ದಾಟಿದ ಮೇಲೆ ಅಪ್ಪ ನನ್ನ ಕಡೆ ತಿರುಗಿ, "ಭೇರ್ಯದ ಸೈಟು ಹಿಂಗೆ ಎದ್ದು ಬತ್ತಿತ್ತೇನವ್ವ?" ಎಂದರು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಸಿತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾಕೆ ಹಿಂಗೆ ಸೊರಗೋಗಿದ್ದೀ? ಬಾ, ಕೈಕಾಲ್ ತೊಳ್ಕ," ಎಂದರು. ಅಷ್ಟೇ.

ಮಾರನೆಯ ಬೆಳಿಗ್ಗೆ ಸಿತಿ ಹಿತ್ತಲಿಗೆ ಹೋಗಿ ದಾಸವಾಳ, ಕನಕಾಂಬರ, ಕಣಗಿಲೆ ಸಿಕ್ಕಿದ್ದನ್ನೆಲ್ಲ ಬಿಡಿಸಿದರು. ಹೂವಿನ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಒಂದು ತಂಬಿಗೆ ನೀರು ತುಂಬಿಕೊಂಡು ಅತ್ತೆಯ ಮುಂದೆ ನಿಂತರು. ಇನ್ನೊಂದು ಕೈ ಚಾಚಿದರು. ಅವರ ಊರಿನಲ್ಲೂ ಸತ್ತವರನ್ನು ಮಣ್ಣಿಗೇ ಕೊಡುವುದು, ಹೂವು ನೀರು ಹಿಡಿದು ನೋಡಲು ಹೋಗುವುದು. ಅತ್ತೆ ಆ ಕೈಯನ್ನು ನೋಡಿದರು. ಆಮೇಲೆ ಹಿಡಿದುಕೊಂಡರು.

ಗದ್ದುಗೆಯ ಮೇಲೆ ಮಳೆಗೆ ಹುಲ್ಲು ಎದ್ದಿತ್ತು. ಸಿತಿ ಕುಕ್ಕುರುಗಾಲಿನಲ್ಲಿ ಕೂತು, ಮಾವನ ಜೊತೆ ತಮ್ಮ ಭಾಷೆಯಲ್ಲಿ ಏನೇನೋ ಹೇಳುತ್ತಾ, ನಡುನಡುವೆ ಗದರುತ್ತಾ ಒಂದೊಂದೇ ಹುಲ್ಲು ಕಿತ್ತರು. ನೀರು ಹನಿಸಿದರು, ಹೂವು ಚೆಲ್ಲಿದರು. ಅಂಗೈ ಎರಡನ್ನೂ ಎತ್ತಿ ತಮ್ಮ ದೇವರನ್ನು ಬೇಡಿಕೊಂಡರು. ಬದುವಿನ ಮೇಲೆ ನಿಂತಿದ್ದ ಅತ್ತೆ ನಿಧಾನಕ್ಕೆ ಇಳಿದು ಬಂದು ಎದುರಿಗೆ ಕೂತರು. ಆ ಕಡೆ ಉಳಿದಿದ್ದ ಹುಲ್ಲಿಗೆ ಕೈಹಾಕಿದರು. ಒಂದು ಹಿಡಿ ಕಿತ್ತರು. ಎರಡನೆಯದು ಕೀಳಲಾಗಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಕೊಡುತ್ತೇವೆ. ಮನೆಗೆ ನೆಂಟರು ಬಂದರೆ ತಟ್ಟನೆ ಎದ್ದು ನಿಲ್ಲುವುದು ಮಾವನ ಅಭ್ಯಾಸ. ಅತ್ತೆ ಒದ್ದೆ ಮಣ್ಣಿನ ಮೇಲೆ ಅಂಗೈಯಿಟ್ಟು, ಬಿಕ್ಕುತ್ತಾ ಹೇಳಿದರು:

"ನೋಡಿ, ಯಾರ್ ಬಂದವ್ರೆ ಅಂತ. ಏಳಬ್ಯಾಡಿ... ನೀವು ಅಂಗೇ ಕೂತಿರಿ."