ಎಷ್ಟು ಹರಿದಿದೆ?

ಅನುಮಾನ ಪಡುವುದನ್ನು ನನಗೆ ಕಲಿಸಿದ್ದು ವಿಶ್ವವಿದ್ಯಾಲಯ. ಭೌತಶಾಸ್ತ್ರದ ಸ್ನಾತಕೋತ್ತರ ಪದವಿಯಿಂದ ತಲೆಯಲ್ಲಿ ಉಳಿದದ್ದು ಅದೊಂದೇ. ಮೊದಲು ದೇವರನ್ನು, ಆಮೇಲೆ ಜ್ಯೋತಿಷಿಗಳನ್ನು, ಆಮೇಲೆ ಸೋದರಮಾವನನ್ನು ಅನುಮಾನಿಸಿದೆ. ಅವರೆಲ್ಲ ಮುಗಿದ ಮೇಲೆ ಈಗ ನನ್ನ ನೆನಪನ್ನೇ ಅನುಮಾನಿಸುವ ಹಂತಕ್ಕೆ ಬಂದಿದ್ದೇನೆ. ಆದ್ದರಿಂದ ಮುಂದೆ ಹೇಳುವುದೆಲ್ಲ ಹೀಗೆಯೇ ನಡೆಯಿತೆಂದು ಆಣೆ ಹಾಕಲಾರೆ. ನನ್ನ ಹೆಂಡತಿ ಬೇರೆ ರೀತಿ ಹೇಳಬಹುದು. ಅವಳು ಅಲ್ಲಿರಲಿಲ್ಲ, ಆದರೂ ಅವಳಿಗೆ ನನಗಿಂತ ಚೆನ್ನಾಗಿ ನೆನಪಿದೆ.

ನಾನು ಫ್ಲೋ ಮೀಟರ್, ಅಂದರೆ ಹರಿವು ಮಾಪಕ, ಮಾರುವವನು. ಪೈಪಿನಲ್ಲಿ ನೀರೋ ಎಣ್ಣೆಯೋ ಎಷ್ಟು ಹರಿಯಿತೆಂದು ಹೇಳುವ ಯಂತ್ರ ಅದು. ಕುಂದಾಪುರ, ಬೈಂದೂರು, ಬ್ರಹ್ಮಾವರ ನನ್ನ ಪಾಲಿಗೆ ಬಂದ ತಾಲೂಕುಗಳು. ಸೋಮವಾರ ಬೆಳಿಗ್ಗೆ ವಿಡಿಯೋ ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರು ಒಂದು ಗೆರೆ ತೋರಿಸಿ, "ಮಾರುಕಟ್ಟೆ ಬೆಳೆಯುತ್ತಿದೆ" ಎನ್ನುತ್ತಾರೆ. ಕೆಳಗಿನ ಮೂಲೆಯಲ್ಲಿ ಹುಟ್ಟುವ ಆ ಗೆರೆ ಮೇಲೆ ಹತ್ತುತ್ತಾ ಹೋಗಿ, ಪರದೆ ಮುಗಿಯಿತೆಂಬ ಒಂದೇ ಕಾರಣಕ್ಕೆ ನಿಂತಿರುತ್ತದೆ. ತಂತ್ರಜ್ಞಾನವೂ ಅಷ್ಟೇ. ಹಿಂದೆ ಪೈಪು ಕತ್ತರಿಸಿ ನಡುವೆ ಮೀಟರ್ ಕೂರಿಸಬೇಕಿತ್ತು. ಈಗಿನದನ್ನು ಪೈಪಿನ ಹೊರಗೆ ಸೊಂಟಪಟ್ಟಿಯಂತೆ ಕಟ್ಟಿದರೆ ಸಾಕು, ನಮ್ಮ ಕಿವಿಗೆ ಕೇಳದ ಶಬ್ದ ಕಳಿಸಿ ಒಳಗಿನ ಹರಿವನ್ನು ತಿಳಿದುಕೊಂಡು ಮೊಬೈಲಿಗೆ ಹೇಳುತ್ತದೆ. ಇಷ್ಟು ಬುದ್ಧಿವಂತ ಯಂತ್ರ ನನ್ನ ಕೈಯಿಂದ ಒಂದೂ ಮಾರಾಟವಾಗಿರಲಿಲ್ಲ. ಗೇರುಬೀಜದ ಕಾರ್ಖಾನೆಯವರು ಚಹಾ ಕೊಟ್ಟು ಕಳಿಸಿದರು, ಹೆಂಚಿನ ಕಾರ್ಖಾನೆಯವರು ಚಹಾ ಕೊಡದೆ ಕಳಿಸಿದರು. ಕರಾವಳಿಯಲ್ಲಿ ಬೇಡಿಕೆ ಕಾಣದಿದ್ದರೆ ನನ್ನನ್ನು ಬಯಲುಸೀಮೆಯ ಸಿಮೆಂಟು ಕಾರ್ಖಾನೆಗಳ ಕಡೆ ಹಾಕುವುದಾಗಿ ಮ್ಯಾನೇಜರು ತಿಳಿಸಿದರು. ಹೆಂಡತಿಗೆ ಕುಂದಾಪುರದ ಕಾಲೇಜಿನಲ್ಲಿ ಕೆಲಸ. "ನೀವ್ ಬೇಕಾರೆ ಹೋಯ್ನಿ, ನಾ ಬತ್ತಿಲ್ಲೆ. ಅಲ್ಲ್ ತಾಜಾ ಮೀನೂ ಸಿಕ್ಕುದಿಲ್ಲ" ಎಂದಳು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ನಾನು ಯಾವುದಕ್ಕೆ ಹೆಚ್ಚು ಹೆದರಿದೆನೆಂದು ಅವಳಿಗೆ ತಿಳಿಯದೇ ಹೋಯಿತು.

ಗಂಗೊಳ್ಳಿಯಲ್ಲಿ ಶೀನಣ್ಣ ಎಂಬವರ ಐಸ್ ಪ್ಲಾಂಟ್ ಇದೆ. ಅವರಿಗಾಗಿ ಒಂದು ಕನ್ನಡ ಜಾಹೀರಾತು ಬರೆದು ವಾಟ್ಸಾಪಿನಲ್ಲಿ ಕಳಿಸಿದೆ: "ಎಷ್ಟು ಹರಿದಿದೆ? ಕ್ಷಣದಲ್ಲೇ ಮೊಬೈಲಿನಲ್ಲಿ ನೋಡಿ! ಎಲ್ಲೂ ಕತ್ತರಿಸಬೇಕಾಗಿಲ್ಲ!" ಕೆಳಗೆ ಕಂಪನಿಯ ಫೋನ್ ನಂಬರು. 'ನೀರು' ಎಂಬ ಪದವನ್ನೂ ಹಾಕಿದ್ದೆನೆಂದೇ ನನ್ನ ನೆನಪು. ವಾಟ್ಸಾಪಿನ ನೆನಪು ಬೇರೆ ಇದೆ. ಶೀನಣ್ಣ ಅದನ್ನು ಹಾಗೆಯೇ ಮೀನು ಹಿಡಿಯುವ ಬೋಟಿನವರ ಗ್ರೂಪಿಗೆ ತಳ್ಳಿದರು.

ಮರುದಿನ ಹೋಗಿ ನೋಡಿದರೆ ಐಸ್ ಪ್ಲಾಂಟಿನ ಅಂಗಳದ ತುಂಬ ಹರಿದ ಬಲೆಗಳ ರಾಶಿ. ಸುತ್ತ ಎಷ್ಟು ಜನರಿದ್ದರೆಂದು ಹೇಳಲಾರೆ. ನನ್ನ ನೆನಪಿನಲ್ಲಿ ಆ ಗುಂಪೂ ಮಾರುಕಟ್ಟೆಯಂತೆ ಬೆಳೆಯುತ್ತಲೇ ಇದೆ.

"ಹ್ವಾಯ್ ಇಂಜಿನೇರ್ರೆ, ಮೊದ್ಲ್ ನಮ್ದ್ ಕಾಣಿ" ಎಂದು ಬೋಟಿನ ಮಂಜಣ್ಣ ಬಲೆಯ ತುದಿ ಹಿಡಿದು ಮುಂದೆ ಬಂದರು. "ಎಷ್ಟ್ ಹರ್ದಿತ್ ಅಂದೇಳಿ ನಿಮ್ ಮಿಷನ್ ಹೇಳತ್ತಂಬ್ರಲೆ?"

"ಇದು ನೀರಿನ ಹರಿವು ಅಳೆಯುವುದು, ಮಂಜಣ್ಣ."

"ನೀರ್ ಹರ್ದ್ರೆ ಹರೀಲಿ ಬಿಡಿ ಮಾರಾಯ್ರೆ! ಬಲಿ ಹರ್ದ್ರೆ ಮೀನೆಲ್ಲ ಹೋತ್ತಲೆ!"

ಭೌತಶಾಸ್ತ್ರವನ್ನು ಬಿಟ್ಟು ಮ್ಯಾನೇಜರ ಮಾತನ್ನು ಹಿಡಿದೆ. ಇಡೀ ಜಗತ್ತಿನಲ್ಲೇ ಇದರ ಮಾರ್ಕೆಟ್ ಬೆಳೆಯುತ್ತಿದೆ ಎಂದೆ. "ಮಾರ್ಕೆಟ್ ಎಲ್ಲ್ ಬೆಳ್ದಿತ್? ಮೀನ್ ಬುಟ್ಟಿ ಇಡುಕೆ ಜಾಗ ಇಲ್ಲ" ಎಂದು ಹಿಂದಿನಿಂದ ಒಬ್ಬರು ಹೇಳಿದ್ದಕ್ಕೆ ಬಲೆಗಳೂ ನಕ್ಕಂತಾಯಿತು.

ಸೋಲೊಪ್ಪದೆ ಶೀನಣ್ಣನ ಪೈಪಿಗೆ ಮೀಟರ್ ಕಟ್ಟಿದೆ. ಪಂಪು ಹಾಕಿದ ಕೂಡಲೇ ಅವರ ಮೊಬೈಲಿನಲ್ಲಿ ಅಂಕಿಗಳು ಓಡತೊಡಗಿದವು. ಶೀನಣ್ಣನ ಮುಖ ಅರಳಿತು. ನಾನು ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು.

"ಇದ್ ನಂಗೊಬ್ಬಂಗೇ ಕಾಂಬುದಾ?"

"ಜಗತ್ತಿನ ಯಾವ ಮೂಲೆಯಿಂದ ಬೇಕಾದರೂ ನೋಡಬಹುದು!"

ಶೀನಣ್ಣ ಪಟ್ಟಿಯನ್ನು ಬಿಚ್ಚಿ ನನ್ನ ಕೈಯಲ್ಲಿಟ್ಟರು. "ನಾ ಬಾವಿಯಿಂದ ಎಷ್ಟ್ ನೀರ್ ಎತ್ತುದ್ ಅಂದೇಳಿ ಅಮೆರಿಕದವ್ರಿಗ್ ಎಂತಕೆ?"

ಸಿಮೆಂಟಿನ ಧೂಳು ಆಗಲೇ ಮೂಗಿಗೆ ಬಡಿದಂತಾಯಿತು. ಆದರೆ ಬೋಟಿನವರು ಆಸೆ ಬಿಟ್ಟಿರಲಿಲ್ಲ. ಜಾಹೀರಾತಿನ ನಂಬರಿಗೆ ಗಂಗೊಳ್ಳಿಯಿಂದ ಒಂದೇ ಸಮನೆ ಫೋನುಗಳು ಹೋದವು. ಬೆಂಗಳೂರಿನ ಕಚೇರಿಯಲ್ಲಿ ಫೋನೆತ್ತುವ ಹುಡುಗಿಗೆ ನಮ್ಮ ಭಾಷೆಯಲ್ಲಿ 'ಹರ್ದದ್ದ್' ಮತ್ತು 'ಮಿಷನ್' ಎರಡೇ ಅರ್ಥವಾದವು. ಅವಳಿಗೆ ಅಷ್ಟು ಸಾಕಾಯಿತು, ಪ್ರತಿ ಫೋನನ್ನೂ ಮೀಟರಿನ ಬೇಡಿಕೆಯೆಂದು ಬರೆದುಕೊಂಡಳು. ಮುಂದಿನ ಸೋಮವಾರ ಪರದೆಯ ಮೇಲೆ ನನ್ನ ತಾಲೂಕುಗಳ ಗೆರೆ ತೆಂಗಿನ ಮರದಂತೆ ನೆಟ್ಟಗೆ ನಿಂತಿತ್ತು. "ಇದು ನೋಡಿ ಬೇಡಿಕೆ! ನೀವು ಅಲ್ಲೇ ಇರಿ" ಎಂದರು ಮ್ಯಾನೇಜರು. ಸತ್ಯ ಹೇಳಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ತೆರೆದ ಬಾಯಿಯಿಂದ ಬಂದದ್ದು ಧನ್ಯವಾದ.

ಕಳೆದ ತಿಂಗಳು ಬಂದರಿನಲ್ಲಿ ಮಂಜಣ್ಣ ಹಿಡಿದು ನಿಲ್ಲಿಸಿದರು. "ಹ್ವಾಯ್, ನಮ್ ಮಿಷನ್ ಎಲ್ಲಿಗ್ ಬಂತ್?"

"ತಂತ್ರಜ್ಞಾನ ಬೆಳೆಯುತ್ತಿದೆ, ಮಂಜಣ್ಣ" ಎಂದೆ, ಮ್ಯಾನೇಜರ ಗತ್ತಿನಲ್ಲೇ.

"ಹಾಂಗಾರೆ ಅದ್ ಬಪ್ಪಲ್ಲಿವರೆಗೆ ನೀವೇ ಕಾಣಿ" ಎಂದು ಅವರು ಬಲೆಯನ್ನು ತಂದು ನನ್ನ ಹೆಗಲಿಗೆ ಹಾಕಿದರು. ಅಂದಿನಿಂದ ರಜೆಯ ದಿನ ಬಂದರಿನ ಕಟ್ಟೆಯ ಮೇಲೆ ಕುಳಿತು, ಬಲೆಯನ್ನು ಬಿಸಿಲಿಗೆ ಹಿಡಿದು, ಎಷ್ಟು ಹರಿದಿದೆ ಎಂದು ಗೇಣು ಹಾಕಿ ಹೇಳುತ್ತಿದ್ದೇನೆ. ನಮ್ಮ ಕಂಪನಿಯ ಕಡೆಯಿಂದ ಈ ಕರಾವಳಿಯಲ್ಲಿ ಸದ್ಯ ಕೆಲಸ ಮಾಡುತ್ತಿರುವ ಹರಿವು ಮಾಪಕ ನಾನೊಬ್ಬನೇ.