ಕೋಳಿ ಸತ್ತ ಮನಿಗೆ ಮಾತಾಡ್ಸಾಕ ಹೋಗಿದ್ದು

ಹೆಣ್ತಿ ಮಾತು ಕೇಳದ ಗಂಡಂದಿರು ನಮ್ಮೂರಾಗ ಬೇಕಾದಷ್ಟು ಮಂದಿ ಅದಾರ. ಆದ್ರ ಒಂದು ಜಳಕ ತಪ್ಪಿಸಿ ಮಾನ ಕಳಕೊಂಡವ ನಾನೊಬ್ಬನೇ.

ಮದ್ರಾಸ್ ಸರ್ಕಾರದ ಕಾಲ. ಕುರುಗೋಡಿನ್ಯಾಗ ಕೋಳಿಬ್ಯಾನಿ ಹೊಕ್ಕಿತ್ತು. ಮುಂಜಾನಿ ಕೂಗಿದ ಹುಂಜ ಸಂಜಿಗೆ ಕತ್ತು ತಿರುವಿ, ಬಾಯಿ ಬಿಟ್ಟು ಬೀಳತಿತ್ತು. ಬಳ್ಳಾರಿಯಿಂದ ದನದ ಡಾಕ್ಟರು ಸೂಜಿಮದ್ದು ತರೋತನಕ ಊರಿಗೆ ಧೈರ್ಯ ಹೇಳೋರ್ಯಾರು? ನಾನು. ಕೋಳಿ ಸತ್ತ ಮನಿಮನಿಗೆ ಹೋಗಿ ಸಂತಾಪ ಸೂಚಿಸಿದೆ. (ಕರೀಲಾರದ ಹೋಗೋದು ದೊಡ್ಡ ಗುಣ.) ಉಳಿದ ಕೋಳಿಗಳ ಬಾಯಿ ತಗದು ಬೆಳ್ಳುಳ್ಳಿ-ಮೆಣಸಿನ ರಸ ಕೈಯಾರೆ ಹಾಕಿದೆ.

ನಮ್ಮ ಮನ್ಯಾಗ ನನ್ನ ಹೆಣ್ತಿ ವಿರೂಪಮ್ಮ ಕೋಳಿಗಳ ಮ್ಯಾಲೆ ಬುಟ್ಟಿ ಕವುಚಿ ಕಾಯ್ತಿದ್ಲು. ಮಗಳು ಸಾವಂತ್ರಿ ಸಿರುಗುಪ್ಪದಿಂದ ಚೊಚ್ಚಲ ಬಾಣಂತನಕ್ಕ ಬಂದಿದ್ಲು, ದಿನ ತುಂಬಿದ್ವು. ಹೆತ್ತಾಕಿಗೆ ತವರುಮನಿ ಕೋಳಿ ಸಾರು ಕುಡಿಸಲಿಲ್ಲಂದ್ರ ಬೀಗರ ಮುಂದ ತಲಿ ಎತ್ತೋದು ಹ್ಯಾಂಗ?

"ಅಲ್ಲೇ ನಿಂದರ್ರಿ! ಸತ್ತ ಮನಿಯಿಂದ ಬಂದೀರಿ. ಜಳಕ ಮಾಡಿ, ಧೋತ್ರ ಬದಲಿಸಿ ಒಳಗ ಬರ್ರಿ."

"ಲೇ, ಸತ್ತದ್ದು ಕೋಳಿ! ಅದಕ್ಕೆಂಥ ಸೂತಕ? ಅದೇನು ನಮ್ಮ ದಾಯಾದಿನಾ?"

"ಸಾವು ಸಾವೇರಿ. ನಾಕು ತಂಬಿಗಿ ನೀರು ಹಾಕ್ಕೊಂಡ್ರ ನಿಮ್ಮ ಗಂಟೇನು ಹೋಗತೈತಿ?"

ನಾಕು ಮಂದಿಗೆ ಬುದ್ಧಿ ಹೇಳೋ ನನಗೇ ಬುದ್ಧಿ! ಚಪ್ಪಲಿ ಸಮೇತ ಹಿತ್ತಲಿಗೆ ಹೋಗಿ, ಬುಟ್ಟಿ ಎತ್ತಿ, ನಮ್ಮ ಕೋಳಿಗೂ ಒಂದೊಂದು ತೊಟ್ಟು ರಸ ಕುಡಿಸಿದೆ. ಮುಂಜಾಗ್ರತೆ ಅಂತ.

ವಾರ ತುಂಬೋದ್ರಾಗ ಬುಟ್ಟಿ ಎತ್ತಿದ್ರ ಒಂದೂ ಏಳಲಿಲ್ಲ. ವಿರೂಪಮ್ಮ ಸೆರಗು ಬಾಯಿಗೆ ಹಿಡಕೊಂಡು ಕುಂತ್ಲು. ಬೈದಿದ್ರ ಚಲೋ ಇತ್ತು. ಒಳಗ ಸಾವಂತ್ರಿಗೆ ಹೆರಿಗಿ ಬ್ಯಾನಿ ಸುರುವಾಗಿತ್ತು. ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ.

ಒಂದು ಕೋಳಿಗಾಗಿ ಊರೆಲ್ಲ ತಿರುಗಿದೆ. ನಾನು ಮಾತಾಡ್ಸಿದ ಮನ್ಯಾಗೆಲ್ಲ ಗೂಡು ಬರಿದು. ಊರ ಕಡೀಗಿನ ಉಚ್ಚೆಂಗೆಮ್ಮನ ಹಿತ್ತಲಾಗ ಮಾತ್ರ ಕೋಳಿ ಕೂಗ್ತಿದ್ವು. ಆಕಿ ಜೋಡಿ ಹೊಲದ ಬದುವಿನ ಜಗಳ ಇತ್ತಂತ ನಾನು ಆ ಕಡಿ ಹಾದೇ ಇರಲಿಲ್ಲ.

"ಯಕ್ಕಾ, ಸಾವಂತ್ರಿಗೆ ಬ್ಯಾನಿ ಬಂದಾವು. ಒಂದು ಕೋಳಿ ಕೊಡವ್ವಾ."

ಗೋಡಿ ಮ್ಯಾಲಿಂದ ತಲಿ ಕಾಣಿಸ್ತು. "ಜಗಳ ನಿನ್ನ ಜೋಡಿ, ಆ ಹುಡುಗಿ ಜೋಡಿ ಅಲ್ಲ. ಕೊಡ್ತೀನಿ. ಆದ್ರ ನೀ ಮುಟ್ಟಬ್ಯಾಡಪ್ಪ, ನಿನ್ನ ಕೈಗುಣ ಊರಿಗೇ ಗೊತ್ತೈತಿ. ನಾನೇ ತರ್ತೀನಿ, ನೀ ಹಿಂದ ದೂರ ಬಾ."

ಹಾಡಹಗಲು, ನಡು ಬಜಾರದಾಗ, ಬಗಲಾಗ ಕೋಳಿ ಇಟಗೊಂಡು ಉಚ್ಚೆಂಗೆಮ್ಮ ಮುಂದ ನಡದ್ಲು. ನಾನು ತಲಿ ತಗ್ಗಿಸಿ ಹಿಂದ. ಸನೇಕ ಬಂದ್ರ ತಿರುಗಿ ಕಣ್ಣು ಬಿಡಾಕಿ. ಮನಿ ಮುಟ್ಟೋದಕ್ಕೂ ಒಳಗ ಕೂಸು ಅಳೋದಕ್ಕೂ ಸರಿಹೋತು. ಓಡಿ ಹೊಸ್ತಿಲು ದಾಟಬೇಕು, ವಿರೂಪಮ್ಮ ಕೈ ಅಡ್ಡ ಹಿಡದ್ಲು.

"ಮೊದ್ಲ ಕೋಳಿ ಒಳಗ ಬರ್ಲಿ."

ಮೊಮ್ಮಗನೋ ಮೊಮ್ಮಗಳೋ ಅನ್ನೋದನ್ನ ನಾನು ಬೀದ್ಯಾಗ ನಿಂತೇ ಕೇಳಿದೆ.