ನೀರಿನ ಟಾಕಿಯ ಹಿಂದೆ ಹಿಮದ ಬೆಟ್ಟ

ಮೋಡದ ಫೋಟೋ ತೆಗೆಯುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂದು ನಾನು ನಂಬಿದ್ದೆ. ಮೋಡ ಸೆರಗು ಸರಿ ಮಾಡಿಕೊಳ್ಳುತ್ತೇನೆಂದು ತಡೆಯುವುದಿಲ್ಲ, ಒತ್ತುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುವುದಿಲ್ಲ, ಎದ್ದು ಓಡಿಯೂ ಹೋಗುವುದಿಲ್ಲ. ಮೊಬೈಲು ಮೇಲಕ್ಕೆ ಹಿಡಿಯಬೇಕು, ಒತ್ತಬೇಕು, ಅಷ್ಟೇ. ದೇವರ ದಯೆಯಿಂದ ನನಗೆ ಎರಡು ಕೈ, ಒಂದು ಮೊಬೈಲು, ತಲೆಯ ಮೇಲೊಂದು ಆಕಾಶ ಎಲ್ಲವೂ ಇದ್ದವು. ಇನ್ನೇನು ಬೇಕು!

ಈ ನಂಬಿಕೆ ಹುಟ್ಟಲು ಕಾರಣ ನನ್ನ ನಾದಿನಿ ಸುಧಾ. ಬಾಗಲಕೋಟೆಯ ನವನಗರದಲ್ಲಿರುವ ಆಕೆ ಗಂಡನ ಜೊತೆ ಸ್ವಿಟ್ಜರ್ಲೆಂಡಿಗೆ ಪ್ರವಾಸ ಹೋಗಿದ್ದಳು. ಅಲ್ಲಿಂದ ದಿನಕ್ಕೆ ಇಪ್ಪತ್ತರಂತೆ ಕುಟುಂಬದ ವಾಟ್ಸಾಪ್ ಗುಂಪಿಗೆ ಫೋಟೋ ಕಳಿಸುತ್ತಿದ್ದಳು. ಹಿಮದ ಬೆಟ್ಟ, ಬೆಟ್ಟದ ಮೇಲೆ ಕರೀ ಮೋಡ. ಸರೋವರ, ಸರೋವರದೊಳಗೂ ಅದೇ ಮೋಡ. ಗುಂಪಿನಲ್ಲಿ ಕೈ ಮುಗಿಯುವವರೇನು, ಹೂವು ಸುರಿಸುವವರೇನು! ನಮ್ಮ ಮನೆಯವರು ಹುನಗುಂದದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರರು. ಇಷ್ಟು ವರ್ಷ ನನ್ನ ಹೋಳಿಗೆಗೆ ‘ಹೂಂ’ ಎಂಬುದಕ್ಕಿಂತ ಹೆಚ್ಚಿನ ಪ್ರಶಸ್ತಿ ಕೊಡದ ಈ ಮಹಾನುಭಾವರು ತಂಗಿಯ ಮೋಡದ ಕೆಳಗೆ ‘ಅದ್ಭುತ’ ಎಂದು ಬರೆದರು.

ಸ್ವಿಟ್ಜರ್ಲೆಂಡಿನ ಆಕಾಶ ಮಾಡಿದ ದೇವರೇ ಇಳಕಲ್ಲಿನ ಆಕಾಶವನ್ನೂ ಮಾಡಿದ್ದಾನೆ. ನಮ್ಮದನ್ನೂ ನಾಲ್ಕು ಜನ ನೋಡಲಿ ಎಂದು ನಿಶ್ಚಯಿಸಿದೆ. ಅಂದಿನಿಂದ ನಾನು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಬೆಳಗಿನ ಪೂಜೆಯ ನಡುವೆ ಗಂಟೆ ಬಾರಿಸುತ್ತಲೇ ಕಿಟಕಿಯಿಂದ ಇಣುಕುತ್ತಿದ್ದೆ. ಒಗ್ಗರಣೆಗೆ ಸಾಸಿವೆ ಹಾಕಿ ಮಾಳಿಗೆಗೆ ಓಡಿ, ನಾಲ್ಕೂ ದಿಕ್ಕು ನೋಡಿ ಇಳಿದು ಬರುವಷ್ಟರಲ್ಲಿ ಸಾಸಿವೆ ಸುಟ್ಟು ಕರ್ರಗಾಗಿರುತ್ತಿತ್ತು. ಆ ಬಿರುಬೇಸಿಗೆಯಲ್ಲಿ ಇಡೀ ಊರಿನಲ್ಲಿ ಕರ್ರಗಾಗುತ್ತಿದ್ದದ್ದು ಅದೊಂದೇ. ಆಕಾಶ ಮಾತ್ರ ತೊಳೆದು ಬೋರಲು ಹಾಕಿದ ಸ್ಟೀಲಿನ ಪರಾತದಂತೆ ಬೆಳ್ಳಗಿತ್ತು.

ಕೊನೆಗೆ ಒಂದು ರವಿವಾರ ಮಾಸ್ತರರನ್ನು ಹೊರಡಿಸಿಕೊಂಡು ಬಾದಾಮಿಗೆ ಹೋದೆ. ಕೆಂಪು ಬಂಡೆ, ಹಸಿರು ನೀರಿನ ಹೊಂಡ, ಮೇಲೊಂದಿಷ್ಟು ಮೋಡ ಸಿಕ್ಕರೆ ಸುಧಾಳ ಸರೋವರಕ್ಕೆ ಉತ್ತರ ಕೊಟ್ಟಂತಾಯಿತಲ್ಲ! ದಾರಿಯಲ್ಲಿ ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕೊಂಡು ಕೈಚೀಲದಲ್ಲಿ ಹಾಕಿಕೊಂಡೆವು. ನನ್ನ ಪುಣ್ಯ, ಬಾದಾಮಿಯಲ್ಲಿ ಗುಡ್ಡದ ಮೇಲೆ ಒಂದೇ ಒಂದು ಮೋಡ ಎದ್ದಿತ್ತು. ನಾನು ಮೆಟ್ಟಿಲ ಮೇಲೆ ನಿಂತು ಮೊಬೈಲು ಎತ್ತಿ, ಉಸಿರು ಬಿಗಿಹಿಡಿದು ಒತ್ತಬೇಕು, ಕೈಚೀಲವನ್ನು ಯಾರೋ ಜಗ್ಗಿದರು. ಮಾಸ್ತರರು ಅವಸರ ಮಾಡುತ್ತಿದ್ದಾರೆಂದು ತಿಳಿದು, “ಒಂದ್ ಸ್ವಲ್ಪ ತಡೀರಿ, ನಿಮ್ದೊಂದು ಯಾವಾಗ್ಲೂ ಗಡಿಬಿಡಿ” ಎಂದೆ. ಮತ್ತೂ ಜಗ್ಗಿದರು. ತಿರುಗಿ ನೋಡಿದರೆ ಮಂಗ!

ಕರದಂಟು ಹೋಯಿತು. ಮೊಬೈಲು ಉಳಿಯಿತು. ತುಳಸಿಗೇರಿ ಹನುಮಪ್ಪ ನಮ್ಮ ಮನೆದೇವರು, ಆತನೇ ಬಂದು ನೈವೇದ್ಯ ತೆಗೆದುಕೊಂಡು ಹೋದನೆಂದು ಕೈಮುಗಿದೆ. ಅಷ್ಟರಲ್ಲಿ ಎದ್ದು ಓಡಿಹೋಗಲಾರದ ಆ ಮೋಡವೂ ಓಡಿಹೋಗಿತ್ತು. ಗಡಿಬಿಡಿಯಲ್ಲಿ ಬಂದದ್ದು ಹನ್ನೊಂದು ಫೋಟೋ. ಒಂಬತ್ತರಲ್ಲಿ ನನ್ನ ಹೆಬ್ಬೆರಳು, ಎರಡರಲ್ಲಿ ಮಾಸ್ತರರ ಬೋಳು ನೆತ್ತಿ. ನೆತ್ತಿಯ ಮೇಲೆ ಬಿಸಿಲು ಬಿದ್ದು ಸೂರ್ಯೋದಯದಂತೆಯೇ ಕಾಣುತ್ತಿತ್ತು. ಆದರೂ ಕುಟುಂಬದ ಗುಂಪಿಗೆ ಕಳಿಸಲು ಧೈರ್ಯ ಬರಲಿಲ್ಲ.

ಇಲ್ಲಿ ನಮ್ಮ ಓಣಿಯ ಒಂದು ಪದ್ಧತಿ ಹೇಳಬೇಕು. ಇಳಕಲ್ಲಿನಲ್ಲಿ ನಮ್ಮದು ನೇಕಾರರ ಓಣಿ. ಸೀರೆ ನೇಯುವ ಮೊದಲು ಹಾಸಿನ ನೂಲನ್ನು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬರುವ ಎಳೆಗಳನ್ನು, ಓಣಿಯುದ್ದಕ್ಕೂ ಬಿಗಿದು, ಗಂಜಿ ಹಚ್ಚಿ ಒಣಗಿಸುತ್ತಾರೆ. ಒಣಗುವ ಮೊದಲು ಮಳೆ ಬಿದ್ದರೆ ಕೆಲಸವೆಲ್ಲ ಕೆಟ್ಟಿತು. ಅದಕ್ಕೆ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಎಲ್ಲರಿಗಿಂತ ಎತ್ತರದ ಮಾಳಿಗೆ ನಮ್ಮದು. ಹಾಗಾಗಿ ಮಳೆಮೋಡ ಕಂಡರೆ ಆಕಾಶದ ಫೋಟೋ ಹಾಕುವ ಜವಾಬ್ದಾರಿ ನನ್ನದು. ಮಾತಿಲ್ಲ, ಬರಹವಿಲ್ಲ. ಕೆಲಸದ ಕೈಯವರಿಗೆ ಓದುತ್ತ ಕೂರಲು ಎಲ್ಲಿ ಬಿಡುವು? ಕರೀ ಮುಗಿಲು ಕಂಡಿತೋ, ಎಲ್ಲರೂ ಓಡಿಬಂದು ನೂಲು ಸುತ್ತಿಕೊಂಡು ಒಳಗೊಯ್ಯಬೇಕು. ಹಸಿಯಿದ್ದು ಅಂಟಿಕೊಂಡರೂ ಮಳೆಗೆ ಸಿಗುವುದಕ್ಕಿಂತ ವಾಸಿ. ಎರಡು ವರ್ಷ ಈ ಸೇವೆಯನ್ನು ಒಂದೂ ತಪ್ಪಿಲ್ಲದೆ ನಡೆಸಿದ್ದೆ. ನನ್ನ ಫೋಟೋದ ಮೇಲೆ ಓಣಿಗೆ ಪಂಚಾಂಗಕ್ಕಿಂತ ಹೆಚ್ಚು ಭರವಸೆ ಇತ್ತು.

ಬಾದಾಮಿಯಿಂದ ಬಂದ ವಾರವೇ ಶನಿವಾರ ಮುಂಜಾನೆ ಎದುರುಮನೆಯ ನೀಲವ್ವ ನೂಲು ಬಿಗಿದು ಗಂಜಿ ಹಚ್ಚಲು ನಿಂತಿದ್ದಳು. ಅದು ಮಾರುವ ಸೀರೆಯ ನೂಲಲ್ಲ. ಮಗಳು ರೇಣುಕಾಳ ಮದುವೆಗೆ ಮೂರು ವಾರ ಉಳಿದಿತ್ತು. ಧಾರೆಗೆ ಮಗಳು ಅವ್ವ ನೇಯ್ದ ಸೀರೆಯನ್ನೇ ಉಡಬೇಕೆಂದು ನೀಲವ್ವನ ಹಟ. ಊರ ಮಂದಿಗೆಲ್ಲ ಮೂವತ್ತು ವರ್ಷ ಸೀರೆ ನೇಯ್ದುಕೊಟ್ಟವಳು ಸ್ವಂತ ಮಗಳಿಗೆ ನೇಯುವುದು ಅದೇ ಮೊದಲು. “ಬಾಯಾರ, ಮ್ಯಾಲ ಒಂದ್ ಕಣ್ಣ ಇಟ್ಟಿರ್ರಿ” ಎಂದು ನನಗೆ ಹೇಳಿ ಕುಂಚ ಹಿಡಿದಳು.

ನಾನು ಕಣ್ಣಿಟ್ಟೆ. ಆದರೆ ಮೊಬೈಲಿನ ಮೇಲೆ! ಮಾಳಿಗೆಯ ಮೇಲೆ ಶ್ಯಾವಿಗೆ, ಸಂಡಿಗೆ ಹರವಿ, ಹಳೇ ಹೆಬ್ಬೆರಳಿನ ಫೋಟೋಗಳನ್ನು ಅಳಿಸುತ್ತ ಕೂತಾಗ ಒಂದು ಗುಂಡಿ ಕಂಡಿತು. ‘ಆಕಾಶ ಬದಲಿಸಿ.’ ಇಷ್ಟು ದಿನ ಇದೆಲ್ಲಿ ಅಡಗಿತ್ತೋ! ಕೂತಲ್ಲಿಂದಲೇ ನಮ್ಮ ನೀರಿನ ಟಾಕಿಯ ಫೋಟೋ ತೆಗೆದು ಆ ಗುಂಡಿ ಒತ್ತಿದೆ. ಬಿಳೀ ಮುಗಿಲು ಹೋಗಿ ಕ್ಷಣದಲ್ಲಿ ಕರೀ ಮೋಡಗಳು ಗುಡ್ಡೆಗುಡ್ಡೆಯಾಗಿ ಬಂದು ನಿಂತವು. ನಡುವೆ ಒಂದು ಮಿಂಚು ಬೇರೆ. ನನ್ನ ಮೈ ಜುಮ್ಮೆಂದಿತು. ಸುಧಾ ಲಕ್ಷಗಟ್ಟಲೆ ಸುರಿದು ನೋಡಿದ ಮೋಡವನ್ನು ನಾನು ಸಂಡಿಗೆಯ ಪಕ್ಕ ಕೂತು ತರಿಸಿದ್ದೆ. ತಡೆಯಲಾರದೆ ಕುಟುಂಬದ ಗುಂಪಿಗೆ ಕಳಿಸಿಬಿಟ್ಟೆ.

ಕಳಿಸಿದೆ ಎಂದುಕೊಂಡೆ.

ನಾನು ದೈವಭಕ್ತಳು. ಕುಟುಂಬದ ಗುಂಪಿಗೆ ಗುರುತಿಗೆಂದು ತುಳಸಿಗೇರಿ ಹನುಮಪ್ಪನ ಪಟ ಹಾಕಿದವಳು ನಾನೇ. ಓಣಿಯ ಗುಂಪಿಗೂ ಒಳ್ಳೆಯದಾಗಲಿ ಎಂದು ಅದೇ ಹನುಮಪ್ಪನನ್ನು ಕೂರಿಸಿದವಳೂ ನಾನೇ. ಹನುಮಪ್ಪ ಒಬ್ಬನೇ, ಗುಂಪು ಎರಡು. ಭಕ್ತಿಯ ಭರದಲ್ಲಿ ನಾನು ಮುಖ ನೋಡಿದೆ, ಹೆಸರು ನೋಡಲಿಲ್ಲ.

‘ಅದ್ಭುತ’ ಎಂಬ ಮಾತಿಗಾಗಿ ಕಾಯುತ್ತ ಕೂತವಳಿಗೆ ಕೆಳಗಿನಿಂದ ದಡಬಡ ಸಪ್ಪಳ ಕೇಳಿತು. ಬಗ್ಗಿ ನೋಡಿದರೆ ಇಡೀ ಓಣಿ ಓಡುತ್ತಿದೆ. ಒಬ್ಬಳು ಹಪ್ಪಳ ಹರವಿದ ಸೀರೆಯನ್ನೇ ಗಂಟು ಕಟ್ಟಿಕೊಂಡು ಹೊರಟಿದ್ದಾಳೆ. ನಾಲ್ಕು ಜನ ನೀಲವ್ವನ ನೂಲನ್ನು ಹಸಿಗಂಜಿಯ ಸಮೇತ ಸುತ್ತಿ ಸುತ್ತಿ ಒಳಗೆ ಎಳೆಯುತ್ತಿದ್ದಾರೆ. ನೆತ್ತಿಯ ಮೇಲೆ ಬಿಸಿಲು ಕಾದ ಹಂಚಿನ ಹಾಗಿದೆ. ಆದರೂ ಒಬ್ಬರೂ ತಲೆಯೆತ್ತಿ ನೋಡಲಿಲ್ಲ! ನನ್ನ ಫೋಟೋ ನೋಡಿದ ಮೇಲೆ ಆಕಾಶ ನೋಡುವ ಅಗತ್ಯವೇನು? ನಾನು ಮಾಳಿಗೆಯಿಂದ ಕೂಗಿದೆ, ಕೈ ಬೀಸಿದೆ. ಬೇಗ ಒಯ್ಯಿರಿ ಎನ್ನುತ್ತಿದ್ದೇನೆಂದು ತಿಳಿದು ಮತ್ತಷ್ಟು ಜೋರಾಗಿ ಓಡಿದರು.

ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೀಲವ್ವ ಹೊಸ್ತಿಲಲ್ಲಿ ಕೂತು ಬೆವರೊರೆಸಿಕೊಳ್ಳುತ್ತ ನನ್ನ ಫೋಟೋವನ್ನೇ ನೋಡುತ್ತಿದ್ದಳು. ಆಮೇಲೆ ಹೊರಗೆ ಬಿಸಿಲನ್ನು ನೋಡಿದಳು. ಮತ್ತೆ ಫೋಟೋ ನೋಡಿದಳು.

“ಬಾಯಾರ, ನಿಮ್ಮ ನೀರಿನ ಟಾಕಿ ಹಿಂದ ಬೆಳ್ಳಗ ಗುಡ್ಡದಂಗ ಕಾಣ್ತೈತಲ್ರಿ, ಅದೇನ್ರಿ?”

ನಾನೂ ನೋಡಿದ್ದು ಆಗಲೇ. ಮೋಡದ ಜೊತೆಗೆ ಒಂದು ಹಿಮದ ಬೆಟ್ಟವೂ ಬಂದು ಕೂತಿತ್ತು.

“ಹಿಮ, ನೀಲವ್ವ” ಎಂದೆ. ಸುಳ್ಳು ಹೇಳಲು ಶನಿವಾರದ ಒಪ್ಪತ್ತು ಅಡ್ಡ ಬಂತು.

ಆಕೆ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಹಸಿಯಿದ್ದಾಗಲೇ ಸುತ್ತಿದ ನೂಲು ಅಂಟಿಕೊಂಡು ಹಗ್ಗವಾಗಿತ್ತು. ಹೊಸ ನೂಲು ತಂದು, ಬಣ್ಣ ಹಾಕಿಸಿ, ಮೊದಲಿನಿಂದ ಶುರುಮಾಡಿದರೆ ಮದುವೆಗೆ ಮುಟ್ಟುವುದಿಲ್ಲ. ಉಳಿದ ದಾರಿ ಒಂದೇ. ನೀರು ಚಿಮುಕಿಸಿ ಎಳೆ ಎಳೆಯಾಗಿ ಬಿಡಿಸಬೇಕು. “ನಾನೂ ಕೂಡ್ತೇನಿ” ಎಂದೆ. ನೀಲವ್ವ ಪಕ್ಕಕ್ಕೆ ಸರಿದು, “ಕೂಡ್ರಿ. ಮೊಬೈಲ್ ಮಾತ್ರ ಆ ಗೂಡಿನ್ಯಾಗ ಇಡ್ರಿ” ಎಂದಳು.

ಸಂಜೆ ಮಾಸ್ತರರು ಹುನಗುಂದದಿಂದ ಬಂದರು. ಓಣಿಯ ತುದಿಯಿಂದ ಮನೆಯವರೆಗೆ ನಾಲ್ಕು ಕಡೆ ಕಥೆ ಕೇಳಿಸಿಕೊಂಡೇ ಬಂದಿದ್ದರು. ಕನ್ನಡಕ ಏರಿಸಿ ಫೋಟೋವನ್ನು ಉತ್ತರಪತ್ರಿಕೆಯಂತೆ ಪರಿಶೀಲಿಸಿ, “ಈ ಮೋಡ ನಮ್ಮ ಜಿಲ್ಲಾದ್ದಲ್ಲ” ಎಂದು ತೀರ್ಪು ಕೊಟ್ಟರು. ಆಮೇಲೆ ಮೆಲ್ಲಗೆ, “ಅಲ್ಲ, ಎದಕ್ಕ ಬೇಕಿತ್ತು ಇದು ನಿನಗ?” ಎಂದರು.

“ನೀವು ಸುಧಾಗ ‘ಅದ್ಭುತ’ ಅಂತ ಬರದ್ರಿ” ಎಂದೆ.

ಅವರು ಕನ್ನಡಕ ಇಳಿಸಿ ಕೈಕಾಲು ತೊಳೆಯಲು ಹೋದರು. ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಸಾರಿಗೆ ‘ಅದ್ಭುತ’ ಎಂದರು. ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದೆ.

ಐದು ದಿನ ನೂಲು ಬಿಡಿಸಿದೆವು. ಒಂದು ಗಳಿಗೆ ಕೂರಲಾರದ ನನ್ನನ್ನು ಹನುಮಪ್ಪ ಐದು ದಿನ ಕೂರಿಸಿದ. ಮೊದಲ ದಿನ ಕಾಲು ತಾನಾಗಿಯೇ ಮಾಳಿಗೆಯ ಕಡೆಗೆ ಏಳುತ್ತಿತ್ತು. ಆಗ ಒಂದು ಎಳೆ ಪಟ್ಟನೆ ಹರಿಯುತ್ತಿತ್ತು. ನೀಲವ್ವ ಅದನ್ನು ಬೆರಳಲ್ಲಿ ಹೊಸೆದು ಕೂಡಿಸುತ್ತಿದ್ದಳು. ಎರಡನೆಯ ದಿನದಿಂದ ನಾನು ಪ್ರತಿ ಎಳೆಗೊಂದು ರಾಮನಾಮ ಹೇಳತೊಡಗಿದೆ. ಜೀವಮಾನದ ಜಪವೆಲ್ಲ ಆ ವಾರವೇ ಆಯಿತು. ಅದೂ ಒಂದು ದಯೆಯೇ. ಐದನೆಯ ದಿನ ರೇಣುಕಾ ಚಹಾ ತಂದು, “ಬಾಯಾರ, ನನ್ ಸೀರ್ಯಾಗ ಅರ್ಧ ಪುಣ್ಯ ನಿಮ್ದ ನೋಡ್ರಿ” ಎಂದಾಗ ಎಲ್ಲರೂ ನಕ್ಕರು. ನೀಲವ್ವನೂ ನಕ್ಕಳು.

ಆರನೆಯ ದಿನ ನೂಲನ್ನು ಮತ್ತೆ ಓಣಿಯಲ್ಲಿ ಬಿಗಿದು ಗಂಜಿ ಹಚ್ಚಿದರು. ನಾನು ಮಾಳಿಗೆಯಲ್ಲಿ ಉಳಿದ ಸಂಡಿಗೆ ಹರವುತ್ತಿದ್ದೆ. ಗಾಳಿ ಒಮ್ಮೆಲೇ ನಿಂತಿತು. ಪಡುವಣ ದಿಕ್ಕಿಗೆ ತಿರುಗಿದರೆ ಮೋಡ! ಗುಡ್ಡೆಗುಡ್ಡೆ, ಕಪ್ಪು, ಅಂಚಿಗೆ ಬಂಗಾರದ ಬಣ್ಣ. ಹಿಮದ ಬೆಟ್ಟ ಇರಲಿಲ್ಲ. ಉಳಿದದ್ದೆಲ್ಲ ಆ ಫೋಟೋದಂತೆಯೇ ಇತ್ತು. ಫೋಟೋ ತೆಗೆದು, ಹೆಸರನ್ನು ಮೂರು ಸಲ ಓದಿ, ಓಣಿಯ ಗುಂಪಿಗೆ ಹಾಕಿದೆ.

ಒಬ್ಬರೂ ಅಲುಗಲಿಲ್ಲ. ಒಬ್ಬಾಕೆ ನಗುವ ಮುಖ ಕಳಿಸಿದಳು. ಇನ್ನೊಬ್ಬಾಕೆ, ‘ಈ ಸಲ ಯಾವ ದೇಶದ್ರಿ?’ ಎಂದು ಬರೆದಳು.

ಸಂಡಿಗೆಯ ಹಿಟ್ಟು ಹತ್ತಿದ ಕೈಯಲ್ಲೇ ಸೀರೆ ಎತ್ತಿ ಹಿಡಿದು ಮೆಟ್ಟಿಲು ಇಳಿದೆ. ಓಣಿಯಲ್ಲಿ ನನ್ನ ಮಾತು ಯಾರೂ ಕೇಳುವಂತಿರಲಿಲ್ಲ. ನಾನೇ ಹೋಗಿ ನೂಲಿನ ಒಂದು ತುದಿಯ ಕೋಲು ಕಿತ್ತೆ. ನೀಲವ್ವ ಗಾಬರಿಯಾಗಿ ಓಡಿಬಂದಳು. “ನೀಲವ್ವ, ನನ್ನ ನೋಡಬ್ಯಾಡ, ಫೋಟೋ ನೋಡಬ್ಯಾಡ. ಮ್ಯಾಲ ನೋಡು” ಎಂದೆ. ಅವಳು ನೋಡಿದಳು. ಗಂಜಿ ಅಷ್ಟೊತ್ತಿಗೆ ಒಣಗಿತ್ತು, ಹನುಮಪ್ಪನ ದಯೆ. ಇಬ್ಬರೂ ಸೇರಿ ನೂಲನ್ನು ಪಡಸಾಲೆಗೆ ತಂದಿಡುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು. ಒಂದು ಎಳೆಯೂ ನೆನೆಯಲಿಲ್ಲ. ಬಾಗಿಲಲ್ಲಿ ನಿಂತು ಮಳೆ ನೋಡುವಾಗಲೇ ನನಗೆ ಮಾಳಿಗೆಯ ಮೇಲಿನ ಸಂಡಿಗೆ ನೆನಪಾಯಿತು. ಅದು ಆಗಲೇ ಗಂಜಿಯಾಗಿ ನಮ್ಮ ಗೋಡೆಯ ಮೇಲೆ ಇಳಿದು ಬರುತ್ತಿತ್ತು.

ಮದುವೆಗೆ ಎರಡು ದಿನ ಇರುವಾಗ ಸೀರೆ ಮಗ್ಗದಿಂದ ಇಳಿಯಿತು. ದಾಳಿಂಬೆ ಬಣ್ಣದ ಒಡಲು, ಕೆಂಪು ಸೆರಗು. ಗೋಧೂಳಿ ಮುಹೂರ್ತದ ಧಾರೆಯಾದ ಮೇಲೆ ನೀಲವ್ವ ಮಗಳನ್ನು ಮಂಗಲ ಕಾರ್ಯಾಲಯದ ಹೊರಗೆ ಕರೆತಂದು, ಫೋಟೋಗ್ರಾಫರನನ್ನು ಪಕ್ಕಕ್ಕೆ ಸರಿಸಿ, ನನ್ನ ಕಡೆ ತಿರುಗಿದಳು.

“ಬಾಯಾರ, ಇಕಿ ಸೀರಿ ಫೋಟೋ ನೀವ ಒಂದ್ ತಗೀರಿ.”

ಇದಕ್ಕಿಂತ ದೊಡ್ಡ ಕ್ಷಮೆ ಯಾರಿಗೆ ಸಿಕ್ಕೀತು? ಕಣ್ಣಲ್ಲಿ ನೀರು ತುಂಬಿತು. ಆ ನೀರಿನಲ್ಲೇ ಮೊಬೈಲು ಎತ್ತಿದೆ. ಮದುಮಗಳ ಹಿಂದೆ ಸಂಜೆಯ ಮುಗಿಲು ಕೆಂಪಾಗಿ, ಬಂಗಾರವಾಗಿ ಉರಿಯುತ್ತಿತ್ತು. ಉಸಿರು ಬಿಗಿಹಿಡಿದು ಒತ್ತಿದೆ. ಹೆಬ್ಬೆರಳು ಬರಲಿಲ್ಲ. ಎರಡೂ ಗುಂಪಿಗೆ ಹೆಸರು ನೋಡಿಯೇ ಹಾಕಿದೆ. ಪ್ರವಾಸದಿಂದ ಮರಳಿದ್ದ ಸುಧಾ ಕೂಡಲೇ ಬರೆದಳು: ‘ವೈನಿ, ಅದ್ಭುತ! ಇದು ಯಾವ ದೇಶದ ಮುಗಲು?’ ನಾನು ಹಿಗ್ಗಿನಿಂದ ಮೊಬೈಲನ್ನು ನೀಲವ್ವನ ಕೈಗೆ ಕೊಟ್ಟೆ.

ಅವಳು ನೋಡಿದಳು. ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. ಫೋಟೋದ ತುಂಬ ಮೋಡವೇ ಮೋಡ. ತೀರ ಕೆಳಗಿನ ಅಂಚಿನಲ್ಲಿ ರೇಣುಕಾಳ ಬಾಸಿಂಗದ ತುದಿ, ಎರಡು ಮಲ್ಲಿಗೆ ಮೊಗ್ಗು.

“ಬಾಯಾರ,” ಎಂದಳು ನೀಲವ್ವ, “ಸೀರಿ ಎಲ್ಲೈತ್ರಿ?”

ಮುಗಿಲಂತೂ ಈ ಸಲ ಖರೆಯದೇ ಇತ್ತು. ಅಷ್ಟರಮಟ್ಟಿಗೆ ಹನುಮಪ್ಪನ ದಯೆ.